ಅಮ್ಮನಿಗೆ ಪಿಬಿಸಿ ಲಿವರ್ ಕಾಯಿಲೆ. ಕೂತರೆ ಉಸಿರು ಕಷ್ಟ, ಮಲಗಿದರೆ ಆರಾಮ. ಇದಕ್ಕೂ ಲಿವರ್‌ಗೂ ಸಂಬಂಧ ಇದೆಯಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಬರೆಯುತ್ತಿದ್ದೇನೆ. ಅಮ್ಮನಿಗೆ 57 ವರ್ಷ. ಮೈತುಂಬ ತುರಿಕೆ ಅಂತ ಚರ್ಮದ ಡಾಕ್ಟರ ಹತ್ತಿರ ಅಲೆದೂ ಅಲೆದೂ, ಕೊನೆಗೆ ರಕ್ತಪರೀಕ್ಷೆಯಲ್ಲಿ ಎಎಲ್‌ಪಿ ಅನ್ನುವ ಎನ್‌ಜೈಮ್ ಜಾಸ್ತಿ ಬಂತು. ಎಎಂಎ ಅನ್ನುವ ಆಂಟಿಬಾಡಿ ಪರೀಕ್ಷೆ ಪಾಸಿಟಿವ್ ಆಯಿತು. ಪಿಬಿಸಿ ಅಂದರು. ನಮ್ಮದೇ ರೋಗನಿರೋಧಕ ಶಕ್ತಿ ಲಿವರ್ ಒಳಗಿನ ಸಣ್ಣ ಪಿತ್ತನಾಳಗಳ ಮೇಲೆ ತಿರುಗಿಬೀಳುವ ಕಾಯಿಲೆಯಂತೆ. ಅರ್ಸೋ ಮಾತ್ರೆ ನಡೆಯುತ್ತಿದೆ. ಹೋದ ವರ್ಷ ಫೈಬ್ರೋಸ್ಕ್ಯಾನ್ ನೋಡಿ ಸಿರೋಸಿಸ್, ಅಂದರೆ ಲಿವರ್ ಗಾಯಗಟ್ಟಿ ಗಡುಸಾಗುವುದು, ಶುರುವಾಗಿದೆ ಎಂದರು. ಆದರೆ ಕಾಮಾಲೆ ಇಲ್ಲ, ಹೊಟ್ಟೆಯಲ್ಲಿ ನೀರಿಲ್ಲ.

ಈಗಿನ ತೊಂದರೆ ಉಸಿರಿನದು. ಈಳಿಗೆ ಮಣೆ ಮುಂದೆ ಕೂತು ಹುರುಳಿಕಾಯಿ ಹೆಚ್ಚುತ್ತಾ ಅರ್ಧಕ್ಕೇ ಉಸಿರು ಸಾಲದಾಗುತ್ತದೆ. ಅಲ್ಲೇ ಚಾಪೆ ಮೇಲೆ ಅಡ್ಡಾದರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತಾರೆ. ಇಲ್ಲಿನ ಡಾಕ್ಟರು ಎಕ್ಸ್‌ರೇ ನೋಡಿ ಎದೆ ಚೆನ್ನಾಗಿದೆ, ಅಸ್ತಮಾ ಇರಬಹುದು ಅಂತ ಇನ್‌ಹೇಲರ್ ಕೊಟ್ಟರು. ಏನೂ ಪ್ರಯೋಜನ ಆಗಿಲ್ಲ. ಲಿವರ್ ಡಾಕ್ಟರು ಬೆಂಗಳೂರಿನಲ್ಲಿದ್ದಾರೆ, ಮುಂದಿನ ಭೇಟಿ ಇನ್ನೂ ದೂರ. ಯಾರಿಗಾದರೂ ಹೀಗಾಗಿದೆಯಾ?

ಹಂಪಿ_ಹುಡುಗ
ರಕ್ತ ಕಡಿಮೆ ಇರಬೇಕು. ಲಿವರ್ ಕಾಯಿಲೆಯವರಿಗೆ ಎಚ್‌ಬಿ ಇಳಿಯುವುದು ಮಾಮೂಲು. ಮೊದಲು ಅದನ್ನು ನೋಡಿಸಿ.

ತುಂಗಾತೀರ
ನೋಡಿಸಿದೆವು ಸರ್. 11.8 ಇದೆ. ಇಷ್ಟಕ್ಕೆಲ್ಲ ಹೀಗಾಗಲ್ಲ ಎಂದರು.

ಕೊಡಗಿನ_ಕಾಫಿ
ನನಗೂ ಪಿಬಿಸಿ. ಜೊತೆಗೆ ಶೋಗ್ರೆನ್ ಕೂಡ ಇದೆ. ಕಣ್ಣು, ಬಾಯಿ ಒಣಗುವ ಕಾಯಿಲೆ ಅದು. ಪಿಬಿಸಿ ಇರುವ ಹೆಂಗಸರಲ್ಲಿ ಎರಡೂ ಒಟ್ಟಿಗೆ ಇರುವುದು ತುಂಬ ಸಾಮಾನ್ಯ. ಕಣ್ಣಿನ ಡಾಕ್ಟರು ಕೆಳರೆಪ್ಪೆಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಟ್ಟರು. ತೆಗೆದಾಗ ಕಾಗದದ ತುದಿ ಮಾತ್ರ ಒದ್ದೆಯಾಗಿತ್ತು.

ಶ್ವಾಸಕೋಶಕ್ಕೆ ತೊಂದರೆ ಆ ಕಡೆಯಿಂದಲೂ ಬರುತ್ತದೆ. ನನಗೆ ಒಣಕೆಮ್ಮು ಶುರುವಾಗಿ, ಆಮೇಲೆ ಏರು ಹತ್ತುವಾಗ ಉಸಿರು ಕಟ್ಟತೊಡಗಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎಚ್‌ಆರ್‌ಸಿಟಿ ಅನ್ನುವ ಎದೆಯ ಸಿಟಿ ಸ್ಕ್ಯಾನ್ ಮಾಡಿದಾಗಲೇ ಶ್ವಾಸಕೋಶದ ಗೋಡೆಗಳಲ್ಲಿ ಉರಿಯೂತ ಇರುವುದು ಗೊತ್ತಾಗಿದ್ದು. ಐಎಲ್‌ಡಿ ಅನ್ನುತ್ತಾರೆ. ಸ್ಟೀರಾಯ್ಡ್ ಕೊಟ್ಟ ಮೇಲೆ ಕೆಮ್ಮು ಇಳಿಯಿತು. ನಿಮ್ಮ ಅಮ್ಮನಿಗೆ ಕೆಮ್ಮು ಇದೆಯಾ? ಕಣ್ಣಲ್ಲಿ ಮರಳು ಬಿದ್ದ ಹಾಗೆ ಆಗುತ್ತದಾ?

ತುಂಗಾತೀರ
ಕಣ್ಣು ಉರಿ ಇದೆ ಅಕ್ಕ. ಬರಿ ಚಪಾತಿ ನುಂಗಲು ನೀರು ಬೇಕೇ ಬೇಕು. ಆದರೆ ಕೆಮ್ಮು ಇಲ್ಲವೇ ಇಲ್ಲ.

ಡಾ_ಉಸಿರು
ನಾನು ಹುಬ್ಬಳ್ಳಿ ಕಡೆ ಎದೆರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಅಮ್ಮನನ್ನು ನೋಡದೆ ರೋಗ ಇಂಥದ್ದೇ ಅಂತ ಹೇಳಲು ಆಗಲ್ಲ. ಆದರೆ ನೀವು ಬರೆದ ಒಂದು ವಾಕ್ಯ ತುಂಬಾ ಮುಖ್ಯ: "ಅಡ್ಡಾದರೆ ಸರಿಹೋಗುತ್ತಾರೆ."

ಅಸ್ತಮಾ ಇರುವವರು, ಹೃದಯ ಸೋತವರು ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಎದ್ದು ಕೂರುತ್ತಾರೆ. ಇವರದು ತದ್ವಿರುದ್ಧ. ಲಿವರ್ ಕಾಯಿಲೆ ಇರುವವರು ಹೀಗೆ ಹೇಳಿದರೆ ನಾವು ಮೊದಲು ಯೋಚಿಸುವುದು ಹೆಪಟೋಪಲ್ಮನರಿ ಸಿಂಡ್ರೋಮ್ ಬಗ್ಗೆ. ಎಚ್‌ಪಿಎಸ್ ಅಂತ ಕರೆಯುತ್ತೇವೆ.

ಆಗುವುದು ಇಷ್ಟು. ಲಿವರ್ ಕೆಟ್ಟು ಅದರ ರಕ್ತನಾಳದ ಒತ್ತಡ ಏರಿದಾಗ, ಶ್ವಾಸಕೋಶದ ಅತಿಸಣ್ಣ ರಕ್ತನಾಳಗಳು ಹಿಗ್ಗಿಬಿಡುತ್ತವೆ. ನೈಟ್ರಿಕ್ ಆಕ್ಸೈಡ್‌ನಂಥ ವಸ್ತುಗಳು ಜಾಸ್ತಿಯಾಗುವುದು ಇದಕ್ಕೆ ಒಂದು ಕಾರಣ. ಸರಿಯಾಗಿದ್ದಾಗ ಕೆಂಪು ರಕ್ತಕಣಗಳು ಒಂದರ ಹಿಂದೆ ಒಂದು ಇಕ್ಕಟ್ಟಿನಲ್ಲಿ ಸಾಗುತ್ತಾ ಆಕ್ಸಿಜನ್ ತುಂಬಿಕೊಳ್ಳುತ್ತವೆ. ನಾಳ ಅಗಲವಾದರೆ ನಡುವೆ ಹರಿಯುವ ರಕ್ತ ಆಕ್ಸಿಜನ್ ಹಿಡಿಯದೆ ಹಾಗೇ ದಾಟಿಹೋಗುತ್ತದೆ. ಈ ಹಿಗ್ಗಿದ ನಾಳಗಳು ಶ್ವಾಸಕೋಶದ ಕೆಳಭಾಗದಲ್ಲಿ ಜಾಸ್ತಿ. ಕೂತಾಗ, ನಿಂತಾಗ ರಕ್ತ ಕೆಳಗೆ ಇಳಿಯುತ್ತದೆ, ಅದಕ್ಕೇ ಆಗ ಕಷ್ಟ. ಇದು ಪಿಬಿಸಿಗೆ ಮಾತ್ರ ಅಲ್ಲ, ಯಾವ ಸಿರೋಸಿಸ್‌ನಲ್ಲೂ ಬರಬಹುದು.

ಮನೆಯಲ್ಲಿ ಪಲ್ಸ್ ಆಕ್ಸಿಮೀಟರ್ ಇದ್ದರೆ ಮಲಗಿಸಿ ನೋಡಿ, ಆಮೇಲೆ ಕೂರಿಸಿ ಐದು ನಿಮಿಷ ಬಿಟ್ಟು ನೋಡಿ. ಬೆರಳ ತುದಿ ಉಬ್ಬಿ ಉಗುರು ಬಾಗಿದೆಯಾ ಅಂತಲೂ ಗಮನಿಸಿ.

ತುಂಗಾತೀರ
ಡಾಕ್ಟ್ರೇ, ಈಗಷ್ಟೇ ನೋಡಿದೆ. ಮಲಗಿದಾಗ 95. ಕುರ್ಚಿಯಲ್ಲಿ ಕೂರಿಸಿದ ಮೇಲೆ 88. ಮೂರು ಬೆರಳಿಗೂ ಹಾಕಿ ನೋಡಿದೆ. ಉಗುರು ಗಿಣಿಮೂತಿ ಥರ ಬಾಗಿದೆ, ನಾವು ಯಾರೂ ಇದನ್ನು ಗಮನಿಸಿರಲೇ ಇಲ್ಲ.

ಲ್ಯಾಬ್_ದಾಸವಾಳ
ಮೆಹಂದಿ, ನೈಲ್‌ಪಾಲಿಶ್ ಇಲ್ಲ ತಾನೆ? ಕೈ ತಣ್ಣಗಿದ್ದರೂ ಆ ಮೆಷಿನ್ ಸುಳ್ಳು ಹೇಳುತ್ತದೆ. ಕೈ ಉಜ್ಜಿ ಬೆಚ್ಚಗೆ ಮಾಡಿ ಇನ್ನೊಮ್ಮೆ ನೋಡಿ.

ಇನ್ನೊಂದು ಮಾತು. ಆಕ್ಸಿಮೀಟರ್‌ನಲ್ಲಿ 96, 97 ಬಂದರೂ ಶುರುವಿನ ಹಂತದ ಎಚ್‌ಪಿಎಸ್ ಇರಬಹುದು. ನಿಜ ಗೊತ್ತಾಗುವುದು ರಕ್ತದ ಆಕ್ಸಿಜನ್ ಅಳೆಯುವ ಎಬಿಜಿ ಪರೀಕ್ಷೆಯಿಂದ. ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆಯುತ್ತಾರೆ. ಮಾಮೂಲಿ ರಕ್ತ ತೆಗೆಯುವುದಕ್ಕಿಂತ ನೋವು ಜಾಸ್ತಿ, ಅಮ್ಮನಿಗೆ ಮೊದಲೇ ಹೇಳಿಡಿ. ಕೂರಿಸಿಯೇ ತೆಗೆಯಲು ಕೇಳಿ. ಮೂಗಿಗೆ ಆಕ್ಸಿಜನ್ ಹಾಕಿದ್ದರೆ ಚೀಟಿಯಲ್ಲಿ ಅದನ್ನು ಬರೆಸಿ, ಇಲ್ಲದಿದ್ದರೆ ಲೆಕ್ಕವೆಲ್ಲ ತಪ್ಪುತ್ತದೆ.

ಹಂಪಿ_ಹುಡುಗ
ಒಂದು ಆಕ್ಸಿಮೀಟರ್ ನೋಡಿಕೊಂಡು ಇಷ್ಟೊಂದು ಹೆದರಿಸುವುದು ಸರಿಯಾ? ಕೋವಿಡ್ ಆದಮೇಲೆ ಎಷ್ಟೋ ಜನರಿಗೆ ಉಸಿರು ಕಡಿಮೆಯಾಗಿದೆ. ಗೂಗಲ್ ನೋಡಿದರೆ ಎಲ್ಲರಿಗೂ ಎಲ್ಲ ರೋಗವೂ ಇರುತ್ತದೆ.

ಡಾ_ಉಸಿರು
ಹೆದರಿಸುತ್ತಿಲ್ಲ ಸರ್. 95ರಿಂದ 88ಕ್ಕೆ ಇಳಿದರೆ ಸುಮ್ನೆ ಕೂರುವ ಹಾಗಿಲ್ಲ. ಕೋವಿಡ್ ಆದ ಶ್ವಾಸಕೋಶವಾದರೆ ಸಿಟಿ ಸ್ಕ್ಯಾನ್‌ನಲ್ಲಿ ಕಾಣುತ್ತದೆ, ಅದನ್ನೂ ಮಾಡಿಸಲಿ.

ತುಂಗಾತೀರ ಅವರೇ, ಮುಂದಿನ ಭೇಟಿಗೆ ಕಾಯಬೇಡಿ. ಲಿವರ್ ಡಾಕ್ಟರಿಗೆ ಇವತ್ತೇ ಈ ಎರಡು ಸಂಖ್ಯೆ ಕಳಿಸಿ. ಅವರು ಬಬಲ್ ಎಕೋ, ಅಂದರೆ ಗುಳ್ಳೆ ಬಿಟ್ಟು ಮಾಡುವ ಹೃದಯದ ಸ್ಕ್ಯಾನ್, ಮಾಡಿಸಬಹುದು. ಉಪ್ಪುನೀರನ್ನು ಎರಡು ಸಿರಿಂಜ್ ನಡುವೆ ರಭಸವಾಗಿ ಆಡಿಸಿ ಸಣ್ಣ ಗುಳ್ಳೆ ಎಬ್ಬಿಸಿ ಕೈಯ ರಕ್ತನಾಳಕ್ಕೆ ಕೊಡುತ್ತಾರೆ. ಎಕೋ ಪರದೆಯಲ್ಲಿ ಗುಳ್ಳೆಗಳು ಹೃದಯದ ಬಲಭಾಗ ತುಂಬುವುದು ಕಾಣುತ್ತದೆ. ಶ್ವಾಸಕೋಶ ಸರಿಯಿದ್ದರೆ ಅಲ್ಲೇ ಸೋಸಿ ಹೋಗುತ್ತವೆ, ಎಡಭಾಗಕ್ಕೆ ಬರುವುದಿಲ್ಲ. ಮೂರು ಬಡಿತ ಆದಮೇಲೆ ಎಡಕ್ಕೆ ಬಂದರೆ ಶ್ವಾಸಕೋಶದ ನಾಳ ಹಿಗ್ಗಿದೆ ಅಂತ ಅರ್ಥ. ಒಂದೆರಡು ಬಡಿತದಲ್ಲೇ ಬಂದರೆ ಹೃದಯದಲ್ಲಿ ರಂಧ್ರ ಇದೆಯಾ ಅಂತ ನೋಡುತ್ತೇವೆ. ಮಾಮೂಲಿ ಎಕೋ ಮಾಡಿಸಿ "ನಾರ್ಮಲ್" ಅಂತ ವಾಪಸ್ ಬಂದವರನ್ನು ಬೇಕಾದಷ್ಟು ಕಂಡಿದ್ದೇನೆ. ಅದಕ್ಕೇ ಬಬಲ್ ಎಕೋ ಬೇಕು ಅಂತ ಬಾಯಿಬಿಟ್ಟು ಕೇಳಿ.

ಲಿವರ್ ರಿಪೋರ್ಟ್ ಚೆನ್ನಾಗಿದೆ ಅನ್ನುವ ಕಾರಣಕ್ಕೆ ಇದನ್ನು ತಳ್ಳಿಹಾಕಬೇಡಿ. ಬಿಲಿರುಬಿನ್ ಸರಿಯಾಗಿದ್ದವರಲ್ಲೂ ಎಚ್‌ಪಿಎಸ್ ಜೋರಾಗಿ ಇರಬಹುದು. ಲಿವರ್ ಎಷ್ಟು ಕೆಟ್ಟಿದೆಯೋ ಅಷ್ಟೇ ಉಸಿರು ಕೆಡಬೇಕು ಅಂತ ಏನಿಲ್ಲ.

ಬಯಲುಸೀಮೆ_ಗಾಳಿ
ಇಷ್ಟೆಲ್ಲಾ ಟೆಸ್ಟ್ ಯಾಕೆ? ನಮ್ಮ ಹಿತ್ತಲಲ್ಲಿ ಅಮೃತಬಳ್ಳಿ ಇದೆ. ದಿನಾ ಬೆಳಿಗ್ಗೆ ಕಷಾಯ ಕುಡಿಸಿ. ಲಿವರ್‌ಗೂ ಒಳ್ಳೆಯದು, ಶ್ವಾಸಕ್ಕೂ ಒಳ್ಳೆಯದು, ಇಮ್ಯೂನಿಟಿಯೂ ಬರುತ್ತದೆ. ಕೋವಿಡ್ ಟೈಮಲ್ಲಿ ನಮ್ಮ ಮನೆಯವರೆಲ್ಲ ಕುಡಿದೆವು.

ಕೊಡಗಿನ_ಕಾಫಿ
ದಯವಿಟ್ಟು ಬೇಡ. ಇದು ರೋಗನಿರೋಧಕ ಶಕ್ತಿ ಕಡಿಮೆಯಾಗಿ ಬಂದ ಕಾಯಿಲೆ ಅಲ್ಲ, ಆ ಶಕ್ತಿ ನಮ್ಮ ಮೇಲೇ ತಿರುಗಿಬಿದ್ದ ಕಾಯಿಲೆ. ಅದನ್ನು ಇನ್ನೂ ಕೆರಳಿಸುವುದು ನಮಗೆ ಬೇಡವೇ ಬೇಡ.

ಕರಾವಳಿ_ಕಡಲು
ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಕೆಡಿಸಿಕೊಂಡವರ ಬಗ್ಗೆ ಮುಂಬೈ ಡಾಕ್ಟರುಗಳು 2021ರಲ್ಲಿ ಬರೆದರು. 2022ರಲ್ಲಿ ದೇಶದ ಹಲವು ಆಸ್ಪತ್ರೆಗಳು ಸೇರಿ 43 ರೋಗಿಗಳ ವಿವರ ಪ್ರಕಟಿಸಿದವು. ಅವರಲ್ಲಿ ಹೆಚ್ಚಿನವರ ಲಿವರ್ ಕಾಯಿಲೆ ಆಟೋಇಮ್ಯೂನ್ ಹೆಪಟೈಟಿಸ್ (ರೋಗನಿರೋಧಕ ಶಕ್ತಿಯೇ ಲಿವರ್ ಕೆಡಿಸುವ ಕಾಯಿಲೆ) ಥರವೇ ಇತ್ತು.

ಬಯಲುಸೀಮೆ_ಗಾಳಿ
ಆಯುಷ್ ಸಚಿವಾಲಯ ಅದನ್ನು ಒಪ್ಪಿಲ್ಲ. ಅಮೃತಬಳ್ಳಿಯಂತೆಯೇ ಕಾಣುವ ಬೇರೆ ಜಾತಿಯ ಬಳ್ಳಿ ಇರಬಹುದು ಎಂದಿದೆ. ಸಾವಿರಾರು ವರ್ಷದ ಔಷಧಿಯನ್ನು ಹೀಗೆ ಹೀಗಳೆಯಬೇಡಿ.

ಕರಾವಳಿ_ಕಡಲು
ನಾನು ಹೀಗಳೆಯುತ್ತಿಲ್ಲ. ಅಂಗಡಿಯಲ್ಲಿ ಸಿಗುವ ಪುಡಿಯಲ್ಲಿ ಯಾವ ಬಳ್ಳಿ ಇದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮೊದಲೇ ಸಿರೋಸಿಸ್ ಇರುವ ಹೆಂಗಸಿನ ಮೇಲೆ ಅದನ್ನು ಪ್ರಯೋಗ ಮಾಡಿ ನೋಡುವುದು ಬೇಡ. ಅಷ್ಟೇ.

ಡಾ_ಉಸಿರು
ಕರಾವಳಿಯವರ ಮಾತು ನನ್ನದೂ ಹೌದು. ಆಯುರ್ವೇದವಾಗಲಿ ಅಲೋಪತಿಯಾಗಲಿ, ಲಿವರ್ ಡಾಕ್ಟರಿಗೆ ತಿಳಿಸದೆ ಏನೂ ಬೇಡ.

ಕರಾವಳಿ_ಕಡಲು
ಉಸಿರಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಇನ್ನೊಂದು ಥರ ಆಯಿತು. ಅಕ್ಕನಿಗೆ ಆಟೋಇಮ್ಯೂನ್ ಹೆಪಟೈಟಿಸ್. ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್, ರೋಗನಿರೋಧಕ ಶಕ್ತಿ ತಗ್ಗಿಸುವ ಅಜಾಥಯೋಪ್ರಿನ್ ಎರಡೂ ನಡೆಯುತ್ತಿದ್ದವು. ಲಿವರ್ ಎನ್‌ಜೈಮ್ ಚೆನ್ನಾಗಿ ಇಳಿದವು, ನಾವೆಲ್ಲ ಖುಷಿಯಾಗಿದ್ದೆವು. ಆಮೇಲೆ ಸಂಜೆ ಹೊತ್ತು ಸಣ್ಣ ಜ್ವರ, ಕೆಮ್ಮು, ತೂಕ ಇಳಿಯುವುದು. ಇದೂ ಲಿವರ್ ಕಾಯಿಲೆಯದೇ ಅಂತ ಎಲ್ಲರೂ ಅಂದುಕೊಂಡರು. ಕಫ ಪರೀಕ್ಷೆಯಲ್ಲಿ ಟಿಬಿ.

ಅಲ್ಲಿಂದ ಶುರುವಾಯಿತು ನಿಜವಾದ ಕಷ್ಟ. ಟಿಬಿ ಮಾತ್ರೆಗಳಲ್ಲಿ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಲಿವರ್‌ಗೆ ಭಾರ. ಪೈರಾಜಿನಮೈಡ್ ಬಿಟ್ಟು ಬೇರೆ ಜೋಡಿ ಕೊಟ್ಟರು. ರಿಫಾಂಪಿಸಿನ್ ಇನ್ನೊಂದು ಕೆಲಸ ಮಾಡುತ್ತದೆ ಅಂತ ನಮಗೆ ಯಾರೂ ಹೇಳಿರಲಿಲ್ಲ: ಅದು ಪ್ರೆಡ್ನಿಸೋಲೋನ್ ಅನ್ನು ಮೈಯಿಂದ ಬೇಗ ಹೊರಹಾಕುತ್ತದೆ. ಸ್ಟೀರಾಯ್ಡ್ ಮಾತ್ರೆ ಅಷ್ಟೇ ನುಂಗುತ್ತಿದ್ದರೂ ಅಕ್ಕನ ಹೆಪಟೈಟಿಸ್ ಮತ್ತೆ ಕೆರಳಿತು. ಟಿಬಿ ಮಾತ್ರೆಯಿಂದ ಲಿವರ್ ಕೆಟ್ಟಿತೋ, ಹಳೇ ರೋಗ ಮರಳಿತೋ ಅಂತ ಡಾಕ್ಟರುಗಳೇ ತಲೆ ಕೆಡಿಸಿಕೊಂಡರು. ಕೊನೆಗೆ ಲಿವರ್ ಡಾಕ್ಟರು, ಎದೆ ಡಾಕ್ಟರು ಫೋನಿನಲ್ಲಿ ಮಾತಾಡಿಕೊಂಡು ಸ್ಟೀರಾಯ್ಡ್ ಏರಿಸಿದರು. ಈಗ ಅಕ್ಕ ಆರಾಮ.

ನಾನು ಹೇಳುವುದು ಇಷ್ಟೇ. ಸ್ಟೀರಾಯ್ಡ್ ಶುರು ಮಾಡುವ ಮೊದಲೇ ಎದೆ ಎಕ್ಸ್‌ರೇ, ಟಿಬಿಗೆ ಮಾಂಟೂ ಅಥವಾ ಇಗ್ರಾ ಪರೀಕ್ಷೆ ಮಾಡಿಸಿ ಅಂತ ನೀವೇ ಕೇಳಿ. ಟಿಬಿ ಇಷ್ಟು ಹರಡಿರುವ ನಮ್ಮ ದೇಶದಲ್ಲಿ ಇದನ್ನು ಬಿಡಲೇಬಾರದು.

ಲ್ಯಾಬ್_ದಾಸವಾಳ
ಇದನ್ನು ಎಲ್ಲರೂ ಓದಬೇಕು. ತುರಿಕೆ ತಡೆಯಲಾಗದ ಪಿಬಿಸಿ ರೋಗಿಗಳಿಗೆ ಅದೇ ರಿಫಾಂಪಿಸಿನ್ ಕೊಡುತ್ತಾರೆ. ಟಿಬಿ ಇಲ್ಲ ಅಂತ ಖಚಿತ ಆದಮೇಲೆ ಕೊಡಬೇಕು. ಒಳಗೆ ಟಿಬಿ ಇದ್ದು ಬರೀ ಅದೊಂದನ್ನೇ ನುಂಗಿದರೆ ಆ ಔಷಧಿಗೆ ಬಗ್ಗದ ಟಿಬಿ ಬೆಳೆಯುತ್ತದೆ.

ಜಯನಗರ_ಜಾಣೆ
ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಾರಿವಾಳದ ಕಾಟ. ನನ್ನ ಅತ್ತೆಗೆ ಕೆಮ್ಮು, ಉಸಿರುಗಟ್ಟುವುದು ಆಗಿ ಅದರಿಂದಲೇ ಅಂದರು. ನಿಮ್ಮ ಮನೆ ಹತ್ತಿರ ಪಾರಿವಾಳ ಇದೆಯಾ?

ಹಂಪಿ_ಹುಡುಗ
ಬೆಂಗಳೂರಲ್ಲಿ ಪಾರಿವಾಳಕ್ಕೆ ಕಾಳು ಹಾಕುವುದನ್ನು ಮೊದಲು ನಿಲ್ಲಿಸಬೇಕು. ನಮ್ಮ ಬಾಲ್ಕನಿಗೆ ಕಾಲಿಡಲು ಆಗಲ್ಲ.

ಜಯನಗರ_ಜಾಣೆ
ಬಲೆ ಕಟ್ಟಿಸಿ. ನಾವು ಕಟ್ಟಿಸಿದ ಮೇಲೆ ಅತ್ತೆ ಸುಧಾರಿಸಿದರು.

ಡಾ_ಉಸಿರು
ಪಾರಿವಾಳದ ಮಾತು ತೆಗೆದದ್ದು ಒಳ್ಳೆಯದೇ ಆಯಿತು. ಹಕ್ಕಿ, ಸೌದೆ ಒಲೆ, ಹಳೇ ಧೂಳಿನ ಕೆಲಸ ಇವೆಲ್ಲವನ್ನೂ ನಾವು ಕೇಳುತ್ತೇವೆ. ಆದರೆ ಹಕ್ಕಿಯಿಂದ ಬರುವುದರಲ್ಲಿ ಮಲಗಿದರೆ ಆರಾಮ ಆಗುವ ಲಕ್ಷಣ ಇರುವುದಿಲ್ಲ.

ಇನ್ನೊಂದು ಕಾಯಿಲೆಯ ಬಗ್ಗೆ ಹೇಳಲೇಬೇಕು. ಎಚ್‌ಪಿಎಸ್‌ನಲ್ಲಿ ನಾಳ ಹಿಗ್ಗಿದರೆ, ಪೋರ್ಟೋಪಲ್ಮನರಿ ಹೈಪರ್‌ಟೆನ್ಷನ್‌ನಲ್ಲಿ ಶ್ವಾಸಕೋಶದ ನಾಳ ಕಿರಿದಾಗಿ ಒತ್ತಡ ಏರುತ್ತದೆ, ಹೃದಯದ ಬಲಭಾಗ ದಣಿಯುತ್ತದೆ. ಕಾಲು ಊದುವುದು, ನಡೆಯುವಾಗ ತಲೆಸುತ್ತಿ ಬೀಳುವುದು ಇದ್ದರೆ ಎಚ್ಚರ. 2008ರ ಅಮೆರಿಕದ ಒಂದು ಅಧ್ಯಯನದಲ್ಲಿ ಇದು ಹೆಂಗಸರಲ್ಲಿ ಮತ್ತು ಆಟೋಇಮ್ಯೂನ್ ಹೆಪಟೈಟಿಸ್ ಇರುವವರಲ್ಲಿ ಜಾಸ್ತಿ ಅಂತ ಕಂಡಿತು. ಎಕೋದಲ್ಲಿ ಸುಳಿವು ಸಿಗುತ್ತದೆ, ಆದರೆ ಹೃದಯಕ್ಕೆ ಕ್ಯಾಥೆಟರ್ ಹಾಕಿ ಅಳೆದರೇ ಖಚಿತ. ಸಿಲ್ಡೆನಾಫಿಲ್, ಮ್ಯಾಸಿಟೆಂಟಾನ್‌ನಂಥ ಮಾತ್ರೆಗಳಿವೆ. ಅನ್ನನಾಳದ ರಕ್ತನಾಳ ಒಡೆಯದಿರಲಿ ಅಂತ ಕೊಡುವ ಪ್ರೊಪ್ರನೊಲಾಲ್ ಇಂಥವರಿಗೆ ಸುಸ್ತು ಹೆಚ್ಚಿಸಬಹುದು. ಹಾಗಂತ ನೀವೇ ನಿಲ್ಲಿಸಬೇಡಿ, ರಕ್ತವಾಂತಿ ಆದೀತು. ಡಾಕ್ಟರನ್ನು ಕೇಳಿ.

ಬೆಳಗಾವಿ_ಕುಂದಾ
ನಮ್ಮ ತಂದೆಗೂ ಸಿರೋಸಿಸ್, ಬಲಗಡೆ ಎದೆಯಲ್ಲಿ ನೀರು ತುಂಬುತ್ತದೆ. ಇದೂ ಅದೇನಾ?

ಡಾ_ಉಸಿರು
ಅದು ಬೇರೆ. ಹೊಟ್ಟೆಯ ನೀರು ಎದೆ, ಹೊಟ್ಟೆ ನಡುವಿನ ಪರದೆಯಾದ ವಪೆಯ ಸಣ್ಣ ತೂತುಗಳಿಂದ ಮೇಲೆ ಹೋಗುತ್ತದೆ, ಹೆಚ್ಚಾಗಿ ಬಲಗಡೆಗೆ. ಉಪ್ಪು ಕಡಿಮೆ ಮಾಡುವುದು, ಮೂತ್ರ ಹೆಚ್ಚಿಸುವ ಮಾತ್ರೆ, ಬೇಕಾದಾಗ ಸೂಜಿಯಿಂದ ತೆಗೆಯುವುದು. ಟ್ಯೂಬ್ ಹಾಕಿ ಬಿಟ್ಟುಬಿಡುವುದು ಒಳ್ಳೆಯದಲ್ಲ. ದಿನಾ ನೀರು, ಪ್ರೋಟೀನ್ ಹರಿದುಹೋಗಿ ರೋಗಿ ಸೊರಗುತ್ತಾರೆ.

ತುಂಗಾತೀರ
ಅಪ್‌ಡೇಟ್. ಬೆಂಗಳೂರಿಗೆ ಕರೆದುಕೊಂಡು ಬಂದು ತೋರಿಸಿದೆವು. ಬಬಲ್ ಎಕೋದಲ್ಲಿ ನಾಲ್ಕನೇ ಬಡಿತಕ್ಕೆ ಎಡಭಾಗದಲ್ಲಿ ಗುಳ್ಳೆ ಕಂಡಿತು. ಪರದೆಯನ್ನು ನನಗೂ ತೋರಿಸಿದರು, ಕಪ್ಪಗಿದ್ದ ಕಡೆ ಬೆಳ್ಳಗೆ ಚುಕ್ಕಿ ತುಂಬಿಕೊಳ್ಳುತ್ತಾ ಬಂತು. ಎಬಿಜಿಯಲ್ಲಿ ಆಕ್ಸಿಜನ್ ಒತ್ತಡ ಬರೀ 58 (ಇದು ಆಕ್ಸಿಮೀಟರ್‌ನ ಶೇಕಡಾ ಲೆಕ್ಕ ಅಲ್ಲ). ಎಚ್‌ಆರ್‌ಸಿಟಿಯಲ್ಲಿ ಐಎಲ್‌ಡಿ ಇಲ್ಲ. ಎಚ್‌ಪಿಎಸ್ ಎಂದೇ ಬರೆದರು. ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಎಷ್ಟು ದಾಟುತ್ತದೆ ಅಂತ ನೋಡಲು ಉಸಿರು ಹತ್ತು ಸೆಕೆಂಡ್ ಹಿಡಿಸುವ ಡಿಎಲ್‌ಸಿಒ ಪರೀಕ್ಷೆಯಲ್ಲೂ ಕಡಿಮೆ ಬಂತು. ಇನ್‌ಹೇಲರ್ ನಿಲ್ಲಿಸಿದರು. ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಇಟ್ಟುಕೊಳ್ಳಿ, ಲಿವರ್ ಕಸಿಗೆ ತಯಾರಿ ಮಾಡಿ ಎಂದರು. ಲಿವರ್ ಇನ್ನೂ ಕೆಲಸ ಮಾಡುತ್ತಿದೆಯಲ್ಲ, ಉಸಿರಿಗೋಸ್ಕರ ಲಿವರ್ ಬದಲಿಸುವುದಾ ಅಂತ ಅಪ್ಪ ಒಪ್ಪುತ್ತಿಲ್ಲ.

ಧಾರವಾಡ_ಪೇಡೆ
ಅಪ್ಪನಿಗೆ ನಮ್ಮ ಕಥೆ ಹೇಳ್ರಿ. ನಮ್ಮ ತಮ್ಮಗೂ ಇದೇ ಎಚ್‌ಪಿಎಸ್ ಆಗಿತ್ತು. ಯಾವ ಮಾತ್ರೆಯಿಂದಲೂ ಇದು ವಾಸಿ ಆಗುವುದಿಲ್ಲ, ಆಕ್ಸಿಜನ್ ಬರೀ ಆಸರೆ, ಲಿವರ್ ಬದಲಾದರೆ ಶ್ವಾಸಕೋಶ ತಾನೇ ಸರಿಹೋಗುತ್ತದೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ತಂಗಿ ಲಿವರ್ ಭಾಗ ಕೊಟ್ಟಳು. ಆಪರೇಷನ್ ಆದ ಕೂಡಲೇ ಉಸಿರು ಸರಿಯಾಗುತ್ತದೆ ಅಂತ ಕಾಯಬೇಡಿ. ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ಆಕ್ಸಿಜನ್ ಬೇಕಾಯಿತು. ಮೆಲ್ಲಗೆ ಮೆಲ್ಲಗೆ ಇಳಿಸಿದರು. ಈಗ ಮೆಷಿನ್ ಅಟ್ಟದ ಮೇಲೆ ಇದೆ. ತಡ ಮಾಡಿದರೆ ಮಾತ್ರ ಆಪರೇಷನ್ ಅಪಾಯ ಜಾಸ್ತಿಯಾಗುತ್ತದೆ.

ತುಂಗಾತೀರ
ದೊಡ್ಡ ಧೈರ್ಯ ಬಂತು ಅಣ್ಣ. ನನ್ನ ರಕ್ತದ ಗುಂಪು ಹೊಂದುವುದಿಲ್ಲ. ನನ್ನ ಹೆಂಡತಿಯದು ಹೊಂದುತ್ತದೆ, ಅವಳು ತಾನೇ ಮುಂದೆ ಬಂದಿದ್ದಾಳೆ.

ಧಾರವಾಡ_ಪೇಡೆ
ಸೊಸೆ ಕಾನೂನಿನ ಪ್ರಕಾರ ಹತ್ತಿರದ ಸಂಬಂಧಿ ಅಲ್ಲ. ಗಂಡ ಹೆಂಡತಿ, ಮಕ್ಕಳು, ತಂದೆ ತಾಯಿ, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು ಮಾತ್ರ ಆ ಪಟ್ಟಿಯಲ್ಲಿದ್ದಾರೆ. ಸೊಸೆ ಕೊಡಬಹುದು, ಆದರೆ ಅಧಿಕೃತ ಸಮಿತಿಯ ಒಪ್ಪಿಗೆ ಬೇಕು. ಕಾಗದಪತ್ರ ಈಗಲೇ ಶುರು ಮಾಡಿ. ಜೊತೆಗೆ ಆಸ್ಪತ್ರೆಯ ಮೂಲಕ, ಮೃತರ ಅಂಗದಾನ ನೋಡಿಕೊಳ್ಳುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯಲ್ಲೂ ಹೆಸರು ಬರೆಸಿ. ಒಂದು ದಾರಿಯನ್ನೇ ನಂಬಿ ಕೂರಬೇಡಿ.

ಕೊಡಗಿನ_ಕಾಫಿ
ಆಪರೇಷನ್‌ಗೆ ಮೊದಲು ಫ್ಲೂ, ನ್ಯುಮೋಕಾಕಲ್, ಹೆಪಟೈಟಿಸ್ ಬಿ ಲಸಿಕೆ ಹಾಕಿಸುವ ಬಗ್ಗೆ ಕೇಳಿ. ಕಸಿ ಆದಮೇಲೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಶುರುವಾಗುತ್ತದೆ, ಆಗ ಲಸಿಕೆ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಬೇ_ಏರಿಯಾ_ಕನ್ನಡಿಗ
ಕ್ಯಾಲಿಫೋರ್ನಿಯಾದಿಂದ. ನನ್ನ ಅತ್ತೆಗೂ ಪಿಬಿಸಿ, ಸಿರೋಸಿಸ್ ಇದೆ. ಮೈಸೂರಲ್ಲಿದ್ದಾರೆ. ಈ ಚರ್ಚೆ ಓದಿ ವಿಡಿಯೋ ಕಾಲ್‌ನಲ್ಲಿ ಮಲಗಿಸಿ, ಕೂರಿಸಿ ನೋಡಿಸಿದೆ. 97, 93. ಬೇಸಿಗೆಗೆ ಇಲ್ಲಿಗೆ ಕರೆಸಿಕೊಳ್ಳಲು ಟಿಕೆಟ್ ತೆಗೆದಿದ್ದೇವೆ. ವಿಮಾನ ಹತ್ತಬಹುದಾ?

ಡಾ_ಉಸಿರು
ಪರೀಕ್ಷೆ ಆಗುವ ತನಕ ಬೇಡ. ವಿಮಾನದ ಒಳಗೆ ಗಾಳಿಯ ಒತ್ತಡ ಸುಮಾರು 8000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟಕ್ಕೆ ಇಳಿಯಬಹುದು. ನಮಗೆಲ್ಲ ಅದು ಗೊತ್ತೇ ಆಗುವುದಿಲ್ಲ. ಕೂತಾಗ 93 ಇರುವವರು ಅಷ್ಟು ಹೊತ್ತು ಕೂತೇ ಬರಬೇಕು, ಎಚ್‌ಪಿಎಸ್ ಇದ್ದರೆ ಕೂರುವುದೇ ಅವರಿಗೆ ಕಷ್ಟದ ಭಂಗಿ. ಮೈಸೂರಲ್ಲೇ ಎಬಿಜಿ, ಬಬಲ್ ಎಕೋ ಮಾಡಿಸಿ. ಆಮೇಲೆ ಡಾಕ್ಟರು ಒಪ್ಪಿದರೆ ವಿಮಾನ ಕಂಪನಿಗೆ ಮೊದಲೇ ತಿಳಿಸಿ, ಅವರ ವೈದ್ಯಕೀಯ ಫಾರ್ಮ್ ತುಂಬಿಸಿ. ಸ್ವಂತ ಸಿಲಿಂಡರ್ ಸಾಮಾನ್ಯವಾಗಿ ಬಿಡುವುದಿಲ್ಲ, ಅನುಮತಿ ಇರುವ ಪೋರ್ಟಬಲ್ ಕಾನ್ಸಂಟ್ರೇಟರ್ ಆಗುತ್ತದೆ. ಬ್ಯಾಟರಿ ಪ್ರಯಾಣದ ಸಮಯಕ್ಕಿಂತ ಜಾಸ್ತಿ ಬರುವಷ್ಟು ಇರಬೇಕು.

ಬೇ_ಏರಿಯಾ_ಕನ್ನಡಿಗ
ಟಿಕೆಟ್ ಮುಂದಕ್ಕೆ ಹಾಕಿಸುತ್ತೇನೆ. ಮೈಸೂರಲ್ಲಿ ಬಬಲ್ ಎಕೋ ಮಾಡುವ ಕಡೆ ಯಾರಿಗಾದರೂ ಗೊತ್ತಿದ್ದರೆ ಮೆಸೇಜ್ ಮಾಡಿ.

ಲ್ಯಾಬ್_ದಾಸವಾಳ
ಮಾಡಿದೆ, ನೋಡಿ. ಹೋಗುವಾಗ ಲಿವರ್ ಫೈಲ್ ಪೂರ್ತಿ ತೆಗೆದುಕೊಂಡು ಹೋಗಲು ಹೇಳಿ. ಎಕೋ ಮಾಡುವವರಿಗೆ ಸಿರೋಸಿಸ್ ಇದೆ ಅಂತ ಗೊತ್ತಿಲ್ಲದಿದ್ದರೆ ಮಾಮೂಲಿ ಎಕೋ ಮಾಡಿ ಕಳಿಸಿಬಿಡುತ್ತಾರೆ.